ಏರಿಳಿದು ಓಡುವ ಸಣ್ಣ ಇಂಜಿನ್: ತಪ್ಪು ಗವರ್ನರಿನದೇ?

ವಿದ್ಯುತ್ ಕೈಕೊಟ್ಟಾಗ ವ್ಯವಹಾರ ನಿಲ್ಲಬಾರದೆಂದು ಇರಿಸಿಕೊಂಡ ಸಣ್ಣ ಜನರೇಟರ್ ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತು, ಹಬ್ಬದ ವ್ಯಾಪಾರದ ಭರಾಟೆಯಲ್ಲಿ ಹೊರಬಂದಾಗ ಒಂದು ವಿಚಿತ್ರ ವರ್ತನೆಯನ್ನು ತೋರುವುದುಂಟು. ಹಗ್ಗ ಎಳೆದರೆ ಇಂಜಿನ್ ಚಾಲೂ ಆಗುತ್ತದೆ. ಆದರೆ ಒಂದೇ ಸಮನೆ ಓಡುವುದಿಲ್ಲ. ಸದ್ದು ಏರುತ್ತದೆ, ಎರಡು ಮೂರು ಕ್ಷಣದಲ್ಲಿ ಕುಗ್ಗುತ್ತದೆ, ಮತ್ತೆ ಏರುತ್ತದೆ. ದೀಪಗಳೂ ಅದೇ ತಾಳಕ್ಕೆ ಬೆಳಗುತ್ತ ಮಂಕಾಗುತ್ತ ಇರುತ್ತವೆ. ಮೆಕ್ಯಾನಿಕರು ಇದನ್ನು ‘ಹಂಟಿಂಗ್’ ಎನ್ನುತ್ತಾರೆ. ಕಬ್ಬಿನ ಹಾಲಿನ ಯಂತ್ರ, ಕಾಂಕ್ರೀಟ್ ಮಿಕ್ಸರ್, ತೋಟದ ಪಂಪ್‌ಸೆಟ್, ಹಿಟ್ಟಿನ ಗಿರಣಿ ಹೀಗೆ ಸಣ್ಣ ಇಂಜಿನ್ ಇರುವ ಕಡೆಯಲ್ಲೆಲ್ಲ ಈ ಕಾಯಿಲೆ ಪರಿಚಿತವಾದುದೇ.

ಇದರ ಚಿಕಿತ್ಸೆಯೂ ಬಹುತೇಕ ಒಂದೇ ಬಗೆಯಲ್ಲಿ ಆರಂಭವಾಗುತ್ತದೆ. ಇಂಜಿನಿನ ವೇಗವನ್ನು ಹಿಡಿತದಲ್ಲಿಡುವ ಭಾಗ ಗವರ್ನರ್. ವೇಗ ಹಿಡಿತ ತಪ್ಪಿದೆ. ಆದ್ದರಿಂದ ಗವರ್ನರ್ ಕೆಟ್ಟಿದೆ ಎಂಬ ತರ್ಕದಿಂದ ಅದರ ಸ್ಪ್ರಿಂಗನ್ನು ಬಿಗಿಗೊಳಿಸಲಾಗುತ್ತದೆ. ಫಲ ಕಾಣದಿದ್ದರೆ ಕಾರ್ಬೊರೇಟರನ್ನೇ ಬದಲಿಸಲಾಗುತ್ತದೆ. ಎರಡು ಬಿಲ್ಲುಗಳು ಕೈಸೇರಿದ ಮೇಲೂ ಇಂಜಿನ್ ಹಾಗೆಯೇ ಓಡುತ್ತಿರುವುದು ಅಪರೂಪವಲ್ಲ. ಗವರ್ನರ್ ಕೆಡುವುದೇ ಇಲ್ಲವೆಂದಲ್ಲ. ಆದರೆ ಪೆಟ್ರೋಲ್ ಇಂಜಿನಿನ ಏರಿಳಿತದಲ್ಲಿ ಅದು ಸಾಮಾನ್ಯವಾಗಿ ದೋಷವನ್ನು ಹೊರಗೆಡಹುವ ಭಾಗವೇ ಹೊರತು ದೋಷದ ಮೂಲವಲ್ಲ. ಈ ವ್ಯತ್ಯಾಸವನ್ನು ತಿಳಿದ ಮಾಲೀಕರು ಮೆಕ್ಯಾನಿಕರನ್ನು ಕರೆಸುವ ಮೊದಲೇ, ಹೆಚ್ಚಿನ ಉಪಕರಣಗಳಿಲ್ಲದೆ, ಅರ್ಧ ಗಂಟೆಯಲ್ಲಿ ಬಹುಪಾಲು ಕಾರಣಗಳನ್ನು ಬೇರ್ಪಡಿಸಬಹುದು.

ಸದ್ದಿನ ಕಿರಿಕಿರಿಗಿಂತ ದೊಡ್ಡ ನಷ್ಟ

ಇಂಜಿನ್ ಏರಿಳಿದರೇನು, ದೀಪ ಉರಿಯುತ್ತಿದೆಯಲ್ಲ ಎಂದು ಸುಮ್ಮನಿರುವವರೂ ಇದ್ದಾರೆ. ಇದು ಸರಿಯಲ್ಲ. ಕೈಯಲ್ಲಿ ಎತ್ತಿ ಇಡಬಹುದಾದ ಸಾಮಾನ್ಯ ಪೆಟ್ರೋಲ್ ಜನರೇಟರುಗಳಲ್ಲಿ ಎರಡು ಧ್ರುವಗಳ ಆಲ್ಟರ್ನೇಟರ್ ಇರುತ್ತದೆ. ಅದು ನಿಮಿಷಕ್ಕೆ 3,000 ಸುತ್ತು ತಿರುಗಿದಾಗ 50 ಹರ್ಟ್ಜ್ ಆವರ್ತನದ ವಿದ್ಯುತ್ ದೊರೆಯುತ್ತದೆ. ಇಂಜಿನಿನ ವೇಗ 2,700 ಹಾಗೂ 3,300ರ ನಡುವೆ ತೂಗಾಡಿದರೆ ಆವರ್ತನವೂ 45ರಿಂದ 55ರವರೆಗೆ ತೂಗಾಡುತ್ತದೆ. ವೋಲ್ಟೇಜ್ ಕೂಡ ಅದರ ಜೊತೆಯಲ್ಲಿ ಏರಿಳಿಯುವ ಸಂಭವವಿದೆ.

ಇದರ ಮೊದಲ ಪರಿಣಾಮ ಬಿಲ್ಲಿಂಗ್ ಕೌಂಟರಿನಲ್ಲಿ ಕಾಣುತ್ತದೆ. ಕಂಪ್ಯೂಟರಿಗೆ ಜೋಡಿಸಿದ ಯುಪಿಎಸ್ ತನಗೆ ಒಪ್ಪಿಗೆಯಾಗದ ಆವರ್ತನದ ವಿದ್ಯುತ್ತನ್ನು ಸ್ವೀಕರಿಸದೆ ಬ್ಯಾಟರಿಯ ಮೇಲೆಯೇ ನಡೆಯುತ್ತಿರುತ್ತದೆ. ಹೊರಗೆ ಜನರೇಟರ್ ಓಡುತ್ತಿದ್ದರೂ ಒಳಗೆ ಬ್ಯಾಟರಿ ಖಾಲಿಯಾಗಿ, ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗಲೇ ಕಂಪ್ಯೂಟರ್ ಆರಿಹೋಗುತ್ತದೆ. ‘ಯುಪಿಎಸ್ ಕೆಟ್ಟಿದೆ’ ಎಂದು ಅದನ್ನು ದುರಸ್ತಿಗೆ ಕಳುಹಿಸುವುದು ಇನ್ನೊಂದು ವ್ಯರ್ಥ ವೆಚ್ಚ. ಫ್ರೀಜರ್, ಪಂಪು, ಫ್ಯಾನುಗಳ ಮೋಟಾರುಗಳು ತಕ್ಷಣ ದೂರು ಹೇಳುವುದಿಲ್ಲ. ಬಿಸಿಯಾಗುತ್ತ ಆಗುತ್ತ ಒಂದು ದಿನ ಸುಟ್ಟುಹೋಗುತ್ತವೆ. ಇಂಧನದ ಅಪವ್ಯಯ ಬೇರೆ ಇದ್ದೇ ಇದೆ.

ತೂಗಾಟ ಹುಟ್ಟುವ ಬಗೆ

ಗವರ್ನರ್ ಎಂಬ ಸಾಧನ ಇಂದು ನೆನ್ನೆಯದಲ್ಲ. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿದನು. ನಿಮ್ಮ ಜನರೇಟರಿನ ಒಳಗಿರುವುದೂ ತತ್ತ್ವದಲ್ಲಿ ಅದೇ. ವೇಗ ಹೆಚ್ಚಿದಾಗ ಸಣ್ಣ ತೂಕಗಳು ಹೊರಕ್ಕೆ ಚಾಚಿ ಥ್ರಾಟಲನ್ನು ಮುಚ್ಚುತ್ತವೆ. ವೇಗ ತಗ್ಗಿದಾಗ ಸ್ಪ್ರಿಂಗ್ ಅದನ್ನು ತೆರೆಯುತ್ತದೆ. ಇಂತಹ ಯಂತ್ರಗಳು ಕೆಲವೊಮ್ಮೆ ಸ್ಥಿರತೆ ತಪ್ಪಿ ಏಕೆ ತೂಗಾಡುತ್ತವೆ ಎಂಬುದನ್ನು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರ ಒಂದು ಪ್ರಬಂಧದಲ್ಲಿ ಗಣಿತದ ಮೂಲಕ ವಿವೇಚಿಸಿದನು. ನಮ್ಮ ಮೆಕ್ಯಾನಿಕರು ಕಿವಿಯಿಂದ ಗುರುತಿಸುವ ಕಾಯಿಲೆಗೆ ಇಷ್ಟು ದೊಡ್ಡ ವಿದ್ವಾಂಸನ ಗಮನ ಸಂದಿತ್ತು ಎಂಬುದು ಸ್ವಾರಸ್ಯಕರ.

ಪೆಟ್ರೋಲ್ ಇಂಜಿನಿನಲ್ಲಿ ತೂಗಾಟ ಸಾಮಾನ್ಯವಾಗಿ ಹೀಗೆ ಹುಟ್ಟುತ್ತದೆ. ಕಾರ್ಬೊರೇಟರಿನಲ್ಲಿ ಹೊರೆ ಇಲ್ಲದ ಓಟಕ್ಕೆ ಒಂದು ಸಣ್ಣ ಜೆಟ್, ಹೊರೆಯ ಓಟಕ್ಕೆ ಒಂದು ದೊಡ್ಡ ಜೆಟ್ ಇರುತ್ತವೆ. ಸಣ್ಣದರ ರಂಧ್ರ ಅರ್ಧ ಮಿಲಿಮೀಟರಿಗೂ ಕಿರಿದು. ಅದು ಭಾಗಶಃ ಕಟ್ಟಿದಾಗ ಸಿಲಿಂಡರಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ. ಇಂಜಿನ್ ಬಲ ಕಳೆದುಕೊಂಡು ನಿಧಾನವಾಗುತ್ತದೆ. ಗವರ್ನರ್ ತನ್ನ ಕರ್ತವ್ಯದಂತೆ ಥ್ರಾಟಲನ್ನು ತೆರೆಯುತ್ತದೆ. ಆಗ ದೊಡ್ಡ ಜೆಟ್ಟಿನಿಂದ ಪೆಟ್ರೋಲ್ ಬಂದು ಇಂಜಿನ್ ಒಮ್ಮೆಲೆ ರಭಸಗೊಳ್ಳುತ್ತದೆ. ವೇಗ ಮಿತಿ ಮೀರಿತೆಂದು ಗವರ್ನರ್ ಮತ್ತೆ ಥ್ರಾಟಲನ್ನು ಮುಚ್ಚುತ್ತದೆ. ಮಿಶ್ರಣ ಮತ್ತೆ ತೆಳುವಾಗುತ್ತದೆ. ಈ ಚಕ್ರಕ್ಕೆ ಕೊನೆಯೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಕಾಣುವುದು ಹಿಂದಕ್ಕೂ ಮುಂದಕ್ಕೂ ಆಡುತ್ತಿರುವ ಗವರ್ನರ್ ಸರಳು. ಅದರ ಮೇಲೆಯೇ ಅನುಮಾನ ಬರುವುದು ಸಹಜ. ಸ್ಪ್ರಿಂಗನ್ನು ಬಿಗಿಗೊಳಿಸಿದರೆ ಮೇಲ್ನೋಟಕ್ಕೆ ತೂಗಾಟ ತಗ್ಗಿದಂತೆ ಕಂಡರೂ, ಇಂಜಿನ್ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡತೊಡಗುತ್ತದೆ, ಅಷ್ಟೆ.

ದೋಷವಲ್ಲದ ಏರಿಳಿತಗಳು

ಕೀಲಿ ಹಿಡಿಯುವ ಮುನ್ನ ಇದು ನಿಜವಾಗಿಯೂ ದೋಷವೇ ಎಂದು ವಿಚಾರಿಸಬೇಕು. ಇತ್ತೀಚೆಗೆ ಜನಪ್ರಿಯವಾಗಿರುವ ಇನ್ವರ್ಟರ್ ಮಾದರಿಯ ಜನರೇಟರುಗಳಲ್ಲಿ ಇಂಜಿನಿನ ವೇಗವು ಹೊರೆಗೆ ತಕ್ಕಂತೆ ತಾನಾಗಿ ಬದಲಾಗುವಂತೆಯೇ ರಚನೆಯಿದೆ. ವಿದ್ಯುತ್ತಿನ ಆವರ್ತನವನ್ನು ಅದರೊಳಗಿನ ಇಲೆಕ್ಟ್ರಾನಿಕ್ ಭಾಗ ಸ್ಥಿರವಾಗಿಡುತ್ತದೆ. ಹೊರೆ ಬದಲಾದಾಗ ಅದು ಏರಿಳಿಯುವುದನ್ನು ಕಂಡು ದುರಸ್ತಿಗೆ ಒಯ್ಯುವ ಅಗತ್ಯವಿಲ್ಲ. ಏರ್ ಕಂಪ್ರೆಸರ್ ಅಥವಾ ವೆಲ್ಡಿಂಗ್ ಯಂತ್ರ ಜೋಡಿಸಿದ್ದರೆ, ಅವು ಹೊರೆ ಹಾಕಿದಾಗಲೆಲ್ಲ ಇಂಜಿನ್ ಕ್ಷಣಕಾಲ ಕುಗ್ಗಿ ಚೇತರಿಸಿಕೊಳ್ಳುವುದು ನ್ಯಾಯವೇ. ಹೊರೆ ಇಲ್ಲದಾಗ 52 ಹರ್ಟ್ಜ್ ತೋರಿಸುತ್ತಿದ್ದ ಮೀಟರ್ ಪೂರ್ಣ ಹೊರೆಯಲ್ಲಿ 50ಕ್ಕೆ ಇಳಿದು ಅಲ್ಲಿಯೇ ನಿಂತರೆ ಅದೂ ಯಾಂತ್ರಿಕ ಗವರ್ನರಿನ ಸಹಜ ನಡತೆ.

ಇನ್ನೊಂದು ಗೊಂದಲ ವೋಲ್ಟೇಜಿನದು. ಆವರ್ತನವನ್ನೂ ತೋರಿಸುವ ಒಂದು ಮಲ್ಟಿಮೀಟರ್ ಪ್ರತಿಯೊಬ್ಬ ಜನರೇಟರ್ ಮಾಲೀಕರ ಬಳಿ ಇರಬೇಕೆಂಬುದು ನಮ್ಮ ಅಭಿಪ್ರಾಯ. ಹರ್ಟ್ಜ್ ಸ್ಥಿರವಾಗಿದ್ದು ವೋಲ್ಟೇಜ್ ಮಾತ್ರ ಕುಣಿಯುತ್ತಿದ್ದರೆ ತೊಂದರೆ ಆಲ್ಟರ್ನೇಟರಿನಲ್ಲಿ, ಅಂದರೆ ವೋಲ್ಟೇಜ್ ನಿಯಂತ್ರಕ, ಕಾರ್ಬನ್ ಬ್ರಷ್ ಅಥವಾ ಸಡಿಲ ಜೋಡಣೆಯಲ್ಲಿ ಇದೆ. ಎರಡೂ ಒಟ್ಟಿಗೆ ಕುಣಿಯುತ್ತಿದ್ದರೆ ಮಾತ್ರ ಇಂಜಿನಿನ ಕಡೆಗೆ ತಿರುಗಬೇಕು. ಎಲೆಕ್ಟ್ರೀಷಿಯನ್ ಬರಬೇಕೋ ಮೆಕ್ಯಾನಿಕ್ ಬರಬೇಕೋ ಎಂಬುದು ಈ ಒಂದು ನೋಟದಿಂದಲೇ ತೀರ್ಮಾನವಾಗುತ್ತದೆ.

ಚೋಕ್ ನುಡಿಯುವ ಸಾಕ್ಷ್ಯ

ಪೆಟ್ರೋಲ್ ಇಂಜಿನಿನ ವಿಚಾರಣೆಯಲ್ಲಿ ಅತ್ಯಂತ ಉಪಯುಕ್ತವಾದ ಸಾಧನ ಇಂಜಿನಿನ ಮೇಲೆಯೇ ಇದೆ. ಅದು ಚೋಕ್. ಇಂಜಿನನ್ನು ಐದು ನಿಮಿಷ ಓಡಿಸಿ ಬಿಸಿಯಾಗಲು ಬಿಟ್ಟು, ತೂಗಾಟ ನಡೆದಿರುವಾಗಲೇ ಚೋಕನ್ನು ಮೆಲ್ಲನೆ ಅರ್ಧದಷ್ಟು ಮುಚ್ಚಬೇಕು. ಚೋಕ್ ಗಾಳಿಯನ್ನು ತಡೆದು ಮಿಶ್ರಣವನ್ನು ಗಾಢಗೊಳಿಸುತ್ತದೆ. ಆಗ ತೂಗಾಟ ನಿಂತು ಇಂಜಿನ್ ಒಂದೇ ಸಮನೆ ಓಡಿದರೆ, ಅದಕ್ಕೆ ಬೇಕಾದಷ್ಟು ಪೆಟ್ರೋಲ್ ದೊರೆಯುತ್ತಿಲ್ಲ ಅಥವಾ ಬೇಡದ ಗಾಳಿ ಎಲ್ಲಿಂದಲೋ ನುಸುಳುತ್ತಿದೆ ಎಂದು ನಿಶ್ಚಯಿಸಬಹುದು. ಗವರ್ನರ್ ಆಗಲೇ ನಿರಪರಾಧಿ. ಚೋಕ್ ಮುಚ್ಚಿದಾಗ ಇಂಜಿನ್ ಇನ್ನೂ ಕೆಟ್ಟದಾಗಿ ಓಡಿ ಕಪ್ಪು ಹೊಗೆ ಉಗುಳಿದರೆ ಸಂಗತಿ ತಿರುಗುಮುರುಗು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಚೋಕಿನ ಬಿಲ್ಲೆ ಪೂರ್ಣ ತೆರೆಯದೆ ಇರಬಹುದು, ಇಲ್ಲವೇ ಕಾರ್ಬೊರೇಟರಿನ ಫ್ಲೋಟ್ ಹಾಗೂ ಅದರ ಸೂಜಿ ಸರಿಯಾಗಿ ಕೂರದೆ ಪೆಟ್ರೋಲ್ ತುಂಬಿ ಹರಿಯುತ್ತಿರಬಹುದು. ಅಕ್ಕಿ ಗಿರಣಿ, ಮರದ ಮಿಲ್ಲುಗಳ ಧೂಳಿನಲ್ಲಿ ಓಡುವ ಇಂಜಿನುಗಳಲ್ಲಿ ಫಿಲ್ಟರನ್ನೇ ಮೊದಲು ನೋಡುವುದು ಒಳ್ಳೆಯದು. ಒಂದು ಎಚ್ಚರಿಕೆ: ಪರೀಕ್ಷೆಗೆಂದು ಜನರೇಟರನ್ನು ಮುಚ್ಚಿದ ಕೋಣೆಯಲ್ಲಿ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ; ಅದು ಪ್ರಾಣ ತೆಗೆಯುವ ಅನಿಲ.

ಬಹುಪಾಲು ಸಂದರ್ಭಗಳಲ್ಲಿ ಉತ್ತರ ಮೊದಲನೆಯದೇ ಆಗಿರುತ್ತದೆ, ಅಂದರೆ ಪೆಟ್ರೋಲಿನ ಕೊರತೆ. ಆಗ ಟ್ಯಾಂಕಿನಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಬರಲು ಒಂದು ಸೂಕ್ಷ್ಮ ರಂಧ್ರವಿದೆ. ಅದು ಕಟ್ಟಿದ್ದರೆ ಇಂಜಿನ್ ಹತ್ತು ಹದಿನೈದು ನಿಮಿಷ ಚೆನ್ನಾಗಿಯೇ ಓಡಿ, ಆನಂತರ ತೂಗಾಡಿ, ಕೊನೆಗೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಹೊರಡುತ್ತದೆ. ತೂಗಾಟ ಆರಂಭವಾದೊಡನೆ ಮುಚ್ಚಳವನ್ನು ಸಡಿಲಿಸಿದಾಗ ಅದು ಸರಿಹೋದರೆ ಕಾಯಿಲೆಯೂ ತಿಳಿಯಿತು, ಮದ್ದೂ ತಿಳಿಯಿತು. ಇದಕ್ಕೆ ಕಾಸಿನ ಖರ್ಚಿಲ್ಲ. ಮುಂದಿನದು ಪೆಟ್ರೋಲ್ ನಲ್ಲಿ ಮತ್ತು ಅದರ ಜಾಲರಿ. ಇಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರದಲ್ಲಿ, ಕಾರ್ಬೊರೇಟರಿನ ಕಡೆಯ ಕೊಳವೆ ಕಳಚಿ ಒಂದು ಬಾಟಲಿಗೆ ಹರಿಸಿ ನೋಡಬೇಕು. ಧಾರೆ ಕಡಿಯದೆ ಬರಬೇಕು. ತೊಟ್ಟಿಕ್ಕಿದರೆ ತಡೆ ಅಲ್ಲಿಯೇ ಇದೆ. ಬಾಟಲಿಯಲ್ಲಿ ಹಿಡಿದ ಪೆಟ್ರೋಲನ್ನು ಹಾಗೆಯೇ ಸ್ವಲ್ಪ ಹೊತ್ತು ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿದರೆ ಇನ್ನೊಂದು ಸಂಗತಿಯೂ ಗೋಚರವಾಗಬಹುದು. ತಳದಲ್ಲಿ ಬೇರೆಯಾಗಿ ನಿಂತ ಒಂದು ಪದರ ಕಂಡರೆ ಅದು ನೀರು, ಇಲ್ಲವೇ ನೀರು ಹೀರಿ ಬೇರ್ಪಟ್ಟ ಎಥನಾಲ್.

ಇಲ್ಲಿ ಇಂದಿನ ಪೆಟ್ರೋಲಿನ ಬಗ್ಗೆ ಎರಡು ಮಾತು ಅಗತ್ಯ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬು ಬೆಳೆಗಾರರಿಗೂ ಸಕ್ಕರೆ ಕಾರ್ಖಾನೆಗಳಿಗೂ ಇದರಿಂದ ಹೊಸ ಮಾರುಕಟ್ಟೆ ದೊರೆತಿದೆ ಎಂಬುದು ನಿಜ. ಆದರೆ ಹಳೆಯ ಸಣ್ಣ ಇಂಜಿನುಗಳ ಮಾಲೀಕರು ಕೆಲವು ಗುಣಗಳನ್ನು ಅರಿತಿರಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥನಾಲಿಗೆ ಸುಮಾರು 9 ಕಿಲೋ ಸಾಕು. ಶುದ್ಧ ಪೆಟ್ರೋಲಿಗೆಂದು ಕೊರೆದ ಜೆಟ್ಟಿನ ಮೂಲಕ ಬೆರಕೆ ಇಂಧನ ಹರಿದಾಗ ಮಿಶ್ರಣ ಸಹಜವಾಗಿಯೇ ತುಸು ತೆಳುವಾಗುತ್ತದೆ. ಈಗಿನ ಕಾರುಗಳಲ್ಲಿ ಸೆನ್ಸರುಗಳು ಇದನ್ನು ಸರಿದೂಗಿಸುತ್ತವೆ. ಕಾರ್ಬೊರೇಟರಿನ ಜನರೇಟರಿಗೆ ಆ ಅನುಕೂಲವಿಲ್ಲ. ಮೊದಲೇ ಅರ್ಧ ಕಟ್ಟಿದ ಜೆಟ್ಟಿನ ಜೊತೆಗೆ ಇದೂ ಸೇರಿದರೆ, ನಿನ್ನೆಯವರೆಗೆ ಹೇಗೋ ಓಡುತ್ತಿದ್ದ ಇಂಜಿನ್ ಇಂದು ತೂಗಾಡತೊಡಗುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆ, ವಾಷರುಗಳನ್ನು ಮೆತ್ತಗಾಗಿಸುವುದೂ ಉಂಟು. ಹಲವು ಹಳೆಯ ಸಣ್ಣ ಇಂಜಿನುಗಳ ಕೈಪಿಡಿಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚಿನ ಎಥನಾಲ್ ಬೇಡವೆಂದು ಸ್ಪಷ್ಟವಾಗಿಯೇ ಬರೆದಿದೆ. ಹೊಸ ಜನರೇಟರ್ ಕೊಳ್ಳುವವರು ಇ-20 ಪೆಟ್ರೋಲಿಗೆ ಅದು ಯೋಗ್ಯವೇ ಎಂಬುದನ್ನು ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಜೆಟ್ಟುಗಳು ಕಟ್ಟುವುದಕ್ಕೆ ಮುಖ್ಯ ಕಾರಣ ಕಸಕ್ಕಿಂತ ಹೆಚ್ಚಾಗಿ ನಿಂತ ಪೆಟ್ರೋಲು. ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರುತ್ತ ಹೋದಂತೆ ಅಂಟಾದ ಕಂದು ಬಣ್ಣದ ಜಿಗುಟು ಉಳಿಯುತ್ತದೆ. ಅದನ್ನು ತೆಗೆಯಲು ಬಟ್ಟಲು ಮತ್ತು ಜೆಟ್ಟುಗಳನ್ನು ಬಿಚ್ಚಿ ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿಯಿಂದ ಊದಬೇಕು. ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ ಕಾಣಬೇಕು. ಕೆಲವರು ಸೂಜಿಯಿಂದಲೋ ಗುಂಡುಸೂಜಿಯಿಂದಲೋ ಚುಚ್ಚುತ್ತಾರೆ. ಹಿತ್ತಾಳೆಯ ಜೆಟ್ ಮೃದು. ಉಕ್ಕಿನ ಸೂಜಿ ರಂಧ್ರವನ್ನು ಹಿಗ್ಗಿಸಿದರೆ ಮುಂದೆ ಆ ಇಂಜಿನ್ ಎಂದೆಂದಿಗೂ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದು ಎಳೆಯನ್ನು ಬಳಸುವುದು ಲೇಸು. ಇಷ್ಟರಿಂದ ಸರಿಹೋಗುವ ಕಾರ್ಬೊರೇಟರನ್ನು ಬದಲಿಸಿ, ಅದರ ಜಾಗಕ್ಕೆ ಅಗ್ಗದ ನಕಲಿಯನ್ನು ಹಾಕಿಸಿಕೊಳ್ಳುವವರ ಸಂಖ್ಯೆ ಕಡಿಮೆಯೇನಲ್ಲ. ಮೂಲ ಕಾರ್ಬೊರೇಟರನ್ನು ಒಮ್ಮೆಯಾದರೂ ಸ್ವಚ್ಛಗೊಳಿಸದೆ ಎಸೆಯಲು ಒಪ್ಪಬಾರದು.

ಜೆಟ್ಟುಗಳು ಶುಚಿಯಾದ ಮೇಲೂ ಚೋಕ್ ಮುಚ್ಚಿದರೆ ಮಾತ್ರ ಸರಿಯಾಗಿ ಓಡುತ್ತದೆ ಎಂದಾದರೆ ಗಾಳಿಯ ಸೋರಿಕೆಯನ್ನು ಹುಡುಕಬೇಕು. ಕಾರ್ಬೊರೇಟರ್ ಮತ್ತು ಸಿಲಿಂಡರಿನ ನಡುವೆ ಒಂದು ದಪ್ಪ ಪ್ಲಾಸ್ಟಿಕ್ ತುಂಡು, ಅದರ ಎರಡೂ ಬದಿಗೆ ಪ್ಯಾಕಿಂಗುಗಳು ಇರುತ್ತವೆ. ಕಂಪನದಿಂದ ನಟ್ಟುಗಳು ಸಡಿಲಗೊಂಡು ಅಥವಾ ಪ್ಯಾಕಿಂಗ್ ಹರಿದು ಅಲ್ಲಿ ಗಾಳಿ ನುಸುಳುತ್ತದೆ. ಇದನ್ನು ಪತ್ತೆ ಹಚ್ಚಲು ಕೆಲವರು ಓಡುತ್ತಿರುವ ಇಂಜಿನಿನ ಮೇಲೆ ಪೆಟ್ರೋಲನ್ನೋ ಕ್ಲೀನರನ್ನೋ ಎರಚುತ್ತಾರೆ. ಬಿಸಿ ಸೈಲೆನ್ಸರ್ ಗೇಣಳತೆಯಲ್ಲಿರುವಾಗ ಇದು ಬೆಂಕಿಯೊಡನೆ ಸರಸ. ಇಸ್ತ್ರಿಯವರು ಬಳಸುವಂತಹ ಸ್ಪ್ರೇ ಬಾಟಲಿಯಿಂದ ಆ ಜೋಡಣೆಯ ಸುತ್ತ ಮಾತ್ರ ಸ್ವಲ್ಪ ನೀರನ್ನು ಸಿಂಪಡಿಸಿದರೂ ಸಾಕು. ಸೋರಿಕೆಯಿದ್ದರೆ ಇಂಜಿನಿನ ಲಯ ಒಂದು ಕ್ಷಣ ಬದಲಾಗುತ್ತದೆ. ವಿದ್ಯುತ್ ಭಾಗಗಳಿಗೆ ನೀರು ತಗಲದಂತೆ ನೋಡಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಲಯವಿಲ್ಲದ ತಡವರಿಕೆ

ಹಂಟಿಂಗಿಗೆ ಒಂದು ಲಯವಿದೆ. ಆ ಲಯವಿಲ್ಲದೆ, ಇಂಜಿನ್ ಅಲ್ಲಲ್ಲಿ ಎಡವಿದಂತೆ ಓಡಿ ಸೈಲೆನ್ಸರಿನಲ್ಲಿ ‘ಫಟ್’ ಎಂದು ಸಿಡಿದರೆ ಅದು ‘ಮಿಸ್ಸಿಂಗ್’. ಅದರ ಮೂಲ ಸಾಮಾನ್ಯವಾಗಿ ಕಿಡಿಯಲ್ಲಿದೆ. ಪ್ಲಗ್ಗನ್ನು ಬಿಚ್ಚಿ ನೋಡಿ, ಅಂತರವನ್ನು ಕೈಪಿಡಿಯಂತೆ ಸರಿಪಡಿಸಬೇಕು. ಹಲವು ಸಣ್ಣ ನಾಲ್ಕು-ಸ್ಟ್ರೋಕ್ ಇಂಜಿನುಗಳಿಗೆ ಅದು 0.7ರಿಂದ 0.8 ಮಿ.ಮೀ. ಪ್ಲಗ್ ಕ್ಯಾಪ್ ಸಡಿಲವಾಗಿರುವುದು, ತಂತಿ ಬಾಡಿಗೆ ಉಜ್ಜಿ ತೊಗಲು ಕಿತ್ತಿರುವುದು ಇವನ್ನೂ ಗಮನಿಸಬೇಕು. ಒಂದು ಸ್ವಾರಸ್ಯದ ಕಾರಣ ಹಲವರಿಗೆ ತಿಳಿದಿಲ್ಲ: ಆಯಿಲ್ ಕಡಿಮೆಯಾದಾಗ ಕಿಡಿಯನ್ನು ಕಡಿದುಹಾಕುವ ಸೆನ್ಸರ್ ಅನೇಕ ಜನರೇಟರುಗಳಲ್ಲಿದೆ. ಆಯಿಲ್ ಮಟ್ಟ ಅಂಚಿನಲ್ಲಿದ್ದು ಜನರೇಟರನ್ನು ಇಳಿಜಾರಿನಲ್ಲಿ ಇರಿಸಿದ್ದರೆ ಆ ಸೆನ್ಸರ್ ಆಗಾಗ ಕಿಡಿಯನ್ನು ತಡೆಯಬಹುದು. ಸಮತಟ್ಟಾದ ನೆಲ, ಸರಿಯಾದ ಆಯಿಲ್ ಇಷ್ಟೇ ಚಿಕಿತ್ಸೆ. ಇದಾವುದೂ ಅಲ್ಲವಾದರೆ ಟ್ಯಾಪೆಟ್ ಅಂತರವನ್ನು ಮೆಕ್ಯಾನಿಕರಿಂದ ಅಳೆಸಬೇಕು.

ಡೀಸೆಲ್ ಇಂಜಿನಿನ ರೀತಿ ಬೇರೆ

ಡೀಸೆಲ್ ಇಂಜಿನಿನಲ್ಲಿ ಕಾರ್ಬೊರೇಟರೂ ಇಲ್ಲ, ಪ್ಲಗ್ಗೂ ಇಲ್ಲ. ಗವರ್ನರ್ ನೇರವಾಗಿ ಪಂಪಿನ ರ‍್ಯಾಕನ್ನು ಹಿಂದೆ ಮುಂದೆ ಸರಿಸಿ ಡೀಸೆಲಿನ ಪ್ರಮಾಣವನ್ನು ನಿಯಂತ್ರಿಸುತ್ತದೆ. ಇಲ್ಲಿಯೂ ಮೊದಲ ಶಂಕಿತ ಗವರ್ನರಲ್ಲ, ಗಾಳಿ. ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿದ ಮೇಲೆ, ಫಿಲ್ಟರ್ ಬದಲಿಸಿದ ಮೇಲೆ ಅಥವಾ ಕೊಳವೆಯ ಜೋಡಣೆಯಲ್ಲಿನ ತಾಮ್ರದ ವಾಷರ್ ಸವೆದಾಗ ಡೀಸೆಲಿನೊಳಗೆ ಗಾಳಿಯ ಗುಳ್ಳೆಗಳು ಸೇರುತ್ತವೆ. ಪ್ಲಂಜರ್ ಒಂದು ಹೊಡೆತಕ್ಕೆ ಡೀಸೆಲನ್ನು ಒತ್ತಿದರೆ ಇನ್ನೊಂದಕ್ಕೆ ಗುಳ್ಳೆಯನ್ನು ಒತ್ತುತ್ತದೆ. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಹರಿಯುವವರೆಗೆ ಬಿಟ್ಟು ಬಿಗಿಗೊಳಿಸಬೇಕು. ಬಳಿಕ ಪಂಪಿನಲ್ಲಿಯೂ ಹಾಗೆಯೇ ಏರ್ ತೆಗೆಯಬೇಕು. ಏರ್ ತೆಗೆದ ಮರುದಿನವೇ ಮತ್ತೆ ತೂಗಾಟ ಬಂದರೆ ಗಾಳಿ ಒಳಬರುವ ದಾರಿ ಇನ್ನೂ ತೆರೆದಿದೆ ಎಂದರ್ಥ. ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಕೊಳವೆಯ ಜಾಗಕ್ಕೆ ತಾತ್ಕಾಲಿಕವಾಗಿ ಡೀಸೆಲಿಗೆ ತಡೆಯುವ ಪಾರದರ್ಶಕ ಕೊಳವೆಯನ್ನು ಜೋಡಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಫಿಲ್ಟರ್ ಕಟ್ಟಿರುವುದು, ಡೀಸೆಲಿನಲ್ಲಿ ನೀರು, ನಾಝಲ್ ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕುವುದು ಇವು ಮುಂದಿನ ಕಾರಣಗಳು. ನಾಝಲಿನ ಪರೀಕ್ಷೆಯನ್ನು ಮಾತ್ರ ಪಂಪ್ ಸರ್ವಿಸ್ ಮಾಡುವವರಿಗೇ ಬಿಡಬೇಕು. ಅದರಿಂದ ಹೊರಬರುವ ಡೀಸೆಲಿನ ಒತ್ತಡ ಚರ್ಮವನ್ನು ಸೀಳಿ ರಕ್ತಕ್ಕೆ ಸೇರುವಷ್ಟಿರುತ್ತದೆ. ಬೆರಳು ಹಿಡಿದು ನೋಡುವ ಅಭ್ಯಾಸ ಅತ್ಯಂತ ಅಪಾಯಕಾರಿ. ಇಂಜಿನ್ ನಿಂತಿರುವಾಗ ಪಂಪಿನ ರ‍್ಯಾಕ್ ಬೆರಳಿನಿಂದ ಸರಾಗವಾಗಿ ಸರಿಯುತ್ತದೆಯೇ ಎಂದು ಮಾಲೀಕರು ತಾವೇ ನೋಡಬಹುದು. ಧೂಳು, ಜಿಗುಟಿನಿಂದ ಅದು ಹಿಡಿದುಕೊಂಡಿದ್ದರೆ ಗವರ್ನರ್ ಎಳೆದಾಗ ಕದಲದೆ, ಎಳೆತ ಹೆಚ್ಚಾದಾಗ ಒಮ್ಮೆಲೆ ಜಿಗಿಯುತ್ತದೆ. ಅದೂ ತೂಗಾಟವೇ.

ಹಳೆಯ ಗಿರಣಿಗಳಲ್ಲಿ ಇಂದಿಗೂ ನಿಧಾನಗತಿಯ ದೊಡ್ಡ ಚಕ್ರದ ಇಂಜಿನುಗಳಿವೆ. ಇಂಗ್ಲೆಂಡಿನ ಲಿಸ್ಟರ್ ಮಾದರಿಯನ್ನು ಅನುಸರಿಸಿ ಗುಜರಾತಿನ ರಾಜಕೋಟದಲ್ಲಿ ತಯಾರಾದವು ಇವುಗಳಲ್ಲಿ ಪ್ರಸಿದ್ಧ. ನಿಮಿಷಕ್ಕೆ 650 ಸುತ್ತಿನ ಒಂಟಿ ಸಿಲಿಂಡರ್ ಇಂಜಿನಿನಲ್ಲಿ ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ ಐದಾರು ಬಾರಿ ಮಾತ್ರ ಇಂಧನ ಉರಿಯುತ್ತದೆ. ಅದಕ್ಕೆ ಜನರೇಟರ್ ಜೋಡಿಸಿದಾಗ ದೀಪ ನವಿರಾಗಿ ಮಿನುಗುವುದು ಆ ಯಂತ್ರದ ಜಾತಿಸ್ವಭಾವ, ದುರಸ್ತಿಯಿಂದ ಹೋಗುವಂಥದ್ದಲ್ಲ. ನಿಧಾನವಾಗಿ ಏರಿ ಇಳಿಯುವ ಬೆಳಕು ಮಾತ್ರ ದೋಷದ ಸೂಚನೆ.

ಗವರ್ನರಿನ ಸರದಿ

ಇಂಧನ, ಗಾಳಿ, ಕಿಡಿ ಎಲ್ಲವೂ ಸರಿಯಿದ್ದು ತೂಗಾಟ ಉಳಿದಿದ್ದರೆ ಆಗ ಗವರ್ನರನ್ನು ಮುಟ್ಟಬಹುದು. ಅಲ್ಲಿಯೂ ಸ್ಪ್ರಿಂಗಿಗಿಂತ ಮೊದಲು ಸರಳುಗಳನ್ನು ನೋಡಬೇಕು. ಥ್ರಾಟಲಿನ ಬಿಲ್ಲೆ ಅಂಟದೆ ತಿರುಗಬೇಕು, ಸರಳಿನ ತುದಿಯ ರಂಧ್ರ ಸವೆದು ದೊಡ್ಡದಾಗಿರಬಾರದು, ಬಾಗಿರಬಾರದು. ಸರಳಿನ ಜೊತೆಗಿರುವ ಕೂದಲಿನಂತಹ ತೆಳು ಸ್ಪ್ರಿಂಗ್ ಸಡಿಲವನ್ನು ಹೀರಲೆಂದೇ ಇರುವುದು. ಹಿಂದೊಮ್ಮೆ ದುರಸ್ತಿ ಮಾಡಿದವರು ಅದನ್ನು ಹಾಕಲು ಮರೆತಿರುವ ಸಂಭವವಿದೆ. ಮುಖ್ಯ ಸ್ಪ್ರಿಂಗ್ ಬೇರೆ ರಂಧ್ರಕ್ಕೆ ಸಿಕ್ಕಿಸಲ್ಪಟ್ಟಿದ್ದರೂ ಗವರ್ನರ್ ಅತಿ ಚುರುಕಾಗಿ ತೂಗಾಡುತ್ತದೆ. ಸನ್ನೆಕೋಲಿನ ಹೊಂದಾಣಿಕೆ ಬಹುಪಾಲು ಪೆಟ್ರೋಲ್ ಇಂಜಿನುಗಳಲ್ಲಿ ಒಂದೇ ರೀತಿ: ಇಂಜಿನ್ ನಿಲ್ಲಿಸಿ, ನಟ್ ಸಡಿಲಿಸಿ, ಥ್ರಾಟಲನ್ನು ಪೂರ್ಣ ತೆರೆದು ಹಿಡಿದು, ಗವರ್ನರಿನ ದಂಡವನ್ನು ಅದೇ ದಿಕ್ಕಿಗೆ ನಿಲ್ಲುವವರೆಗೆ ತಿರುಗಿಸಿ ನಟ್ ಬಿಗಿಯುವುದು. ದಿಕ್ಕು ತಪ್ಪಿದರೆ ಗವರ್ನರ್ ವೇಗವನ್ನು ತಡೆಯದು. ಇಂಜಿನ್ ಹಿಡಿತ ಮೀರಿ ಓಡಿ ಕನೆಕ್ಟಿಂಗ್ ರಾಡ್ ಮುರಿಯುವ, 230 ವೋಲ್ಟಿನ ಜಾಗದಲ್ಲಿ ಹೆಚ್ಚಿನ ವೋಲ್ಟೇಜ್ ಹರಿದು ಉಪಕರಣಗಳು ಸುಡುವ ಭಯವಿದೆ. ಆದ್ದರಿಂದ ಗವರ್ನರನ್ನು ಮುಟ್ಟಿದ ನಂತರದ ಮೊದಲ ಚಾಲನೆಯಲ್ಲಿ ಯಾವ ಉಪಕರಣವನ್ನೂ ಜೋಡಿಸದೆ, ನಿಲ್ಲಿಸುವ ಸ್ವಿಚ್ಚಿನ ಮೇಲೆ ಕೈಯಿಟ್ಟು, ಮೀಟರಿನಲ್ಲಿ ಹರ್ಟ್ಜ್ ನೋಡುತ್ತಲೇ ಓಡಿಸಬೇಕು.

ಹೊಸ ಇಂಜಿನುಗಳಲ್ಲಿ ಕಾರ್ಬೊರೇಟರಿನ ಮಿಶ್ರಣದ ತಿರುಪಿಗೆ ತಯಾರಕರೇ ಮುಚ್ಚಳ ಹಾಕಿ ಮಿತಿಗೊಳಿಸಿರುವುದುಂಟು. ಜನರೇಟರುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಬಿಗಿಯಾದ ಮಾನದಂಡಗಳು 2023ರ ಜುಲೈ 1ರಿಂದ ಜಾರಿಗೆ ಬಂದಿವೆ. ವಾರಂಟಿಯ ಅವಧಿಯಲ್ಲಿ ಆ ಮುಚ್ಚಳವನ್ನು ಕೀಳಿಸಿದರೆ ಕಂಪನಿಯು ಜವಾಬ್ದಾರಿಯಿಂದ ನುಣುಚಿಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತೆ.

ದುರಸ್ತಿಯ ಲೆಕ್ಕಪತ್ರ

ಮೆಕ್ಯಾನಿಕರಿಗೆ ‘ಗಾಡಿ ಸರಿಯಿಲ್ಲ, ಬಂದು ನೋಡಿ’ ಎಂದು ಫೋನ್ ಮಾಡುವುದಕ್ಕೂ, ‘ಹೊರೆ ಇಲ್ಲದಾಗ ಹಂಟಿಂಗ್ ಇದೆ, ಅರ್ಧ ಚೋಕಿನಲ್ಲಿ ಸರಿಯಾಗುತ್ತದೆ, ಮುಚ್ಚಳ ನೋಡಿದ್ದೇನೆ, ಪೆಟ್ರೋಲ್ ಧಾರೆ ಚೆನ್ನಾಗಿದೆ’ ಎಂದು ಹೇಳುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ. ಎರಡನೆಯ ಮಾತನ್ನು ಕೇಳಿದ ಮೆಕ್ಯಾನಿಕ್ ಜೆಟ್ ಶುಚಿಗೊಳಿಸುವ ಸಾಮಗ್ರಿಯೊಂದಿಗೆ ಬರುತ್ತಾರೆ. ಬೇಡದ ಬಿಡಿಭಾಗವನ್ನು ಸೂಚಿಸಲು ಅವರಿಗೂ ಸಂಕೋಚವಾಗುತ್ತದೆ. ಭಾಗ ಬದಲಿಸಿದಲ್ಲಿ ಹಳೆಯದನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. ಒಂದು ಬಾರಿಗೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ, ಮುಂದಿನದಕ್ಕೆ ಹೋಗುವಂತೆ ಒತ್ತಾಯಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಮುಂದಿನ ಸಲಕ್ಕೂ ತಿಳಿಯದು. ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವವರು ಕಾರ್ಬೊರೇಟರ್ ಶುಚಿಗೊಳಿಸುವುದು, ಫಿಲ್ಟರ್, ಟ್ಯಾಪೆಟ್ ಹೊಂದಾಣಿಕೆ ಮತ್ತು ಹೊರೆ ಹಾಕಿ ಹರ್ಟ್ಜ್ ಅಳೆದು ಬರೆದುಕೊಡುವುದು ಅದರಲ್ಲಿ ಸೇರಿದೆಯೇ ಎಂದು ಸಹಿ ಹಾಕುವ ಮುನ್ನ ಓದಬೇಕು. ‘ಸಾಮಾನ್ಯ ಸರ್ವಿಸ್’ ಎಂಬ ಎರಡು ಪದಗಳಿಗೆ ವಿವಾದದ ವೇಳೆ ಯಾವ ಬೆಲೆಯೂ ಇರುವುದಿಲ್ಲ.

ಜನರೇಟರಿನ ಪಕ್ಕದಲ್ಲಿ ದಾರ ಕಟ್ಟಿ ತೂಗುಬಿಟ್ಟ ನಲವತ್ತು ಪುಟದ ನೋಟ್‌ಬುಕ್ಕೊಂದರಲ್ಲಿ ಓಡಿದ ಗಂಟೆ, ತುಂಬಿದ ಇಂಧನ, ಆಯಿಲ್ ಬದಲಿಸಿದ ದಿನ, ಹೊರೆಯಿಲ್ಲದ ಮತ್ತು ಹೊರೆಯ ಹರ್ಟ್ಜ್ ಇವನ್ನು ಬರೆದಿಡುವ ಪದ್ಧತಿ ಕೆಲಸಗಾರರಿಗೆ ಒಂದೆರಡು ವಾರದಲ್ಲಿ ರೂಢಿಯಾಗುತ್ತದೆ. ತಿಂಗಳಿಗೊಮ್ಮೆ ಹದಿನೈದು ಇಪ್ಪತ್ತು ನಿಮಿಷ, ಬರೀ ಖಾಲಿಯಾಗಿ ಅಲ್ಲದೆ ಅರ್ಧ ಹೊರೆಯಲ್ಲಾದರೂ ಓಡಿಸಬೇಕು. ಎರಡು ತಿಂಗಳಿಗಿಂತ ಹೆಚ್ಚು ಕಾಲ ಬಳಸುವುದಿಲ್ಲವೆಂದು ಮೊದಲೇ ಗೊತ್ತಿದ್ದರೆ ಟ್ಯಾಂಕಿನ ಪೆಟ್ರೋಲನ್ನು ತೆಗೆದು ವಾಹನಕ್ಕೆ ಹಾಕಿಕೊಳ್ಳಬಹುದು. ಬಳಿಕ ನಲ್ಲಿ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಇಂಜಿನ್ ತಣಿದ ಮೇಲೆ ಕಾರ್ಬೊರೇಟರಿನ ಬಟ್ಟಲಿನ ತಳದ ತಿರುಪನ್ನು ಬಿಚ್ಚಿ ಉಳಿದ ನಾಲ್ಕು ಹನಿಯನ್ನೂ ಹೊರಹಾಕಬೇಕು. ಮತ್ತೆ ಚಾಲೂ ಮಾಡುವ ದಿನ ಹೊಸ ಪೆಟ್ರೋಲನ್ನೇ ತುಂಬಬೇಕು. ಡಬ್ಬಿಯಲ್ಲಿ ಕಳೆದ ವರ್ಷದಿಂದ ಉಳಿದದ್ದನ್ನಲ್ಲ.